ಸಂಧಿವಾತ ಇರುವವರಿಗೆ ಸುರಕ್ಷಿತ ಬಚ್ಚಲುಮನೆ

ಸಂಧಿವಾತದಿಂದ ಬಳಲುವವರಿಗೆ ಮನೆಯೊಳಗಿನ ಅತ್ಯಂತ ಕಷ್ಟದ ಜಾಗವೆಂದರೆ ಬಚ್ಚಲುಮನೆ. ಕೂರುವುದು, ಏಳುವುದು, ಬಗ್ಗುವುದು, ತಿರುಗಿಸುವುದು, ಎತ್ತುವುದು - ನೋವಿರುವ ಕೀಲುಗಳಿಗೆ ಒಲ್ಲದ ಚಲನೆಗಳೆಲ್ಲ ಇಲ್ಲಿ ನಾಲ್ಕಾರು ಅಡಿ ಜಾಗದಲ್ಲಿ, ಅದೂ ಒದ್ದೆ ನೆಲದ ಮೇಲೆ ನಡೆಯಬೇಕು. ಆದರೂ ಅನೇಕ ಮನೆಗಳಲ್ಲಿ ಬಚ್ಚಲಿಗೆ ಹಿಡಿಕಂಬಿ ಬರುವುದು ಯಾರಾದರೂ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ನಂತರವೇ. ನೋವು ಕಾಣಿಸಿಕೊಂಡ ದಿನಗಳಲ್ಲೇ ಕೆಲವು ಮಾರ್ಪಾಡು ಮಾಡಿಕೊಂಡರೆ ಈ ದುರಂತವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಬೀಳುವುದೇಕೆ?

ಮಂಡಿಯ ಆಸ್ಟಿಯೋ ಆರ್ಥರೈಟಿಸ್‌ನಲ್ಲಿ ಕೀಲಿನ ಮೃದ್ವಸ್ಥಿ ಸವೆಯುತ್ತದೆ. ನೋವಿನಿಂದಾಗಿ ಓಡಾಟ ಕಡಿಮೆಯಾಗಿ ತೊಡೆಯ ಸ್ನಾಯುಗಳೂ ಬಲ ಕಳೆದುಕೊಳ್ಳುತ್ತವೆ. ಭಾರ ಬಿದ್ದ ಕ್ಷಣದಲ್ಲಿ ಮಂಡಿ ಏಕಾಏಕಿ ಕುಸಿಯುವುದು ಈ ಕಾರಣದಿಂದ. ರುಮಟಾಯ್ಡ್ ಸಂಧಿವಾತ ಅಥವಾ ಆಮವಾತದಲ್ಲಿ ಬೆರಳು, ಮಣಿಕಟ್ಟುಗಳ ಬಿಗಿತ ಬೆಳಗಿನ ಹೊತ್ತಿನಲ್ಲಿ ಹೆಚ್ಚು. ಶೌಚ, ಸ್ನಾನಗಳ ಹೊತ್ತೂ ಅದೇ. ದೀರ್ಘಕಾಲ ಸ್ಟೆರಾಯ್ಡ್ ಸೇವಿಸಿದವರ ಮೂಳೆಗಳು ದುರ್ಬಲವಾಗಿರುವುದರಿಂದ ಸಣ್ಣದಾಗಿ ಬಿದ್ದರೂ ಮುರಿಯುವ ಸಂಭವವಿರುತ್ತದೆ.

ಭಯವೂ ಒಂದು ಅಪಾಯವೇ. ರಾತ್ರಿ ಎದ್ದು ಹೋಗುವ ಕಷ್ಟಕ್ಕೆ ಅಂಜಿ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹಿರಿಯರಿದ್ದಾರೆ. ಮಲಬದ್ಧತೆ, ಮೂತ್ರನಾಳದ ಸೋಂಕುಗಳಿಗೆ ಇದು ದಾರಿ ಮಾಡಿಕೊಡುತ್ತದೆ.

ನೆಲ

ಹೊಳೆಯುವ ನುಣುಪು ಟೈಲ್ಸ್ ನೋಡಲು ಚೆಂದ, ಒದ್ದೆಯಾದಾಗ ಜಾರುಬಂಡೆ. ಹೊಸದಾಗಿ ಹಾಕಿಸುವವರು ಒರಟು ಮೈಯ, ಜಾರದ ಟೈಲ್ಸ್‌ಗಳನ್ನೇ ಆರಿಸಬೇಕು. ಹಳೆಯ ನೆಲಕ್ಕೆ ತಳದಲ್ಲಿ ಹಿಡಿತವಿರುವ ರಬ್ಬರ್ ಮ್ಯಾಟ್ ಹಾಸಬಹುದು. ಬಾಗಿಲ ಬಳಿ ಹಾಸಿದ ಹಳೆಯ ಬಟ್ಟೆಯ ಕಾಲೊರಸು ಕಾಲಿನೊಂದಿಗೇ ಜಾರುವುದರಿಂದ ಅದನ್ನು ತೆಗೆಯುವುದು ಲೇಸು. ಹೊಸ್ತಿಲು ಎತ್ತರವಾಗಿದ್ದರೆ ಅದರ ಅಂಚಿಗೆ ನೆಲಕ್ಕಿಂತ ಬೇರೆಯಾದ ಗಾಢ ಬಣ್ಣ ಬಳಿಯಬೇಕು.

ಎಣ್ಣೆಸ್ನಾನದ ದಿನ ವಿಶೇಷ ಎಚ್ಚರ ಅಗತ್ಯ. ಎಣ್ಣೆಯನ್ನು ಬಚ್ಚಲಿನ ಹೊರಗೆ ಕುಳಿತೇ ಹಚ್ಚಿಕೊಂಡು, ಅಂಗಾಲನ್ನು ಚೆನ್ನಾಗಿ ಒರೆಸಿ ಒಳಗೆ ಹೋಗಬೇಕು. ಸ್ನಾನವಾದ ಬಳಿಕ ಮನೆಯ ಬೇರೊಬ್ಬರು ನೆಲವನ್ನು ಸೋಪಿನ ನೀರಿನಿಂದ ಉಜ್ಜಿ ತೊಳೆಯಬೇಕು.

ಶೌಚದ ಆಸನ

ಕುಕ್ಕರಗಾಲಿನಲ್ಲಿ ಕೂರುವಾಗ ಮಂಡಿ ಬಹುತೇಕ ಪೂರ್ತಿಯಾಗಿ ಮಡಚಬೇಕು. ಸವೆದ ಮಂಡಿಗೆ ಇದು ಅತಿ ಹೆಚ್ಚಿನ ಒತ್ತಡ. ಕಮೋಡ್ ಹಾಕಿಸುವುದು ಉತ್ತಮ. ಆದರೆ ಅದು ತೀರ ತಗ್ಗಾಗಿದ್ದರೂ ಏಳುವುದು ಕಷ್ಟ. ಸುಗಮ ಕಟ್ಟಡಗಳ ಬಗ್ಗೆ ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಆಸನದ ಎತ್ತರ 45ರಿಂದ 48 ಸೆಂ.ಮೀ. ಇರಬೇಕೆಂದಿದೆ. ಕುಳಿತಾಗ ಪಾದಗಳು ನೆಲಕ್ಕೆ ಪೂರ್ತಿ ತಾಗುತ್ತಿರಬೇಕು. ಹಳೆಯ ಕಮೋಡ್ ತಗ್ಗಾಗಿದ್ದರೆ ಮೇಲೆ ಕೂರಿಸುವ ಎತ್ತರದ ಸೀಟು ದೊರೆಯುತ್ತದೆ. ಗೋಡೆ, ನೆಲ ಒಡೆಯಲಾಗದ ಬಾಡಿಗೆ ಮನೆಗಳಲ್ಲಿ, ಕೈಯಾಸರೆ ಇರುವ ಕಮೋಡ್ ಕುರ್ಚಿಯನ್ನು ನೆಲಮಟ್ಟದ ಶೌಚದ ಗುಂಡಿಯ ಮೇಲೆಯೇ ಇರಿಸಿ ಬಳಸಬಹುದು. ಕಡಿಮೆ ಆದಾಯದ ಹಿರಿಯ ನಾಗರಿಕರಿಗಾಗಿ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಸಾಧನಗಳ ಪಟ್ಟಿಯಲ್ಲಿ ಇಂಥ ಕುರ್ಚಿಯೂ ಸೇರಿದೆ.

ಹಿಡಿಕಂಬಿ

ಜಾರುವಾಗ ಕೈ ಹುಡುಕುವುದು ಟವೆಲ್ ಕಂಬಿಯನ್ನು ಅಥವಾ ನಲ್ಲಿಯನ್ನು. ಇವೆರಡೂ ದೇಹದ ಭಾರ ಹೊರಲು ಮಾಡಿದವಲ್ಲ. ಗಾಳಿಯ ಒತ್ತಡದಿಂದ ಟೈಲ್ಸ್‌ಗೆ ಅಂಟಿಕೊಳ್ಳುವ ಹಿಡಿಗಳನ್ನೂ ನಂಬಬಾರದು. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಗೆ ಬೋಲ್ಟ್ ಹಾಕಿ ಬಿಗಿದ, ಸುಮಾರು 3.5ರಿಂದ 4 ಸೆಂ.ಮೀ. ದಪ್ಪದ ಸ್ಟೀಲ್ ಕಂಬಿ ಸೂಕ್ತ. ಅದರ ಮೈ ಒರಟಾಗಿದ್ದರೆ ಬೆರಳು ಬಿಗಿಯಲಾರದವರಿಗೂ ಹಿಡಿತ ಸಿಗುತ್ತದೆ. ಕಮೋಡ್ ಪಕ್ಕದಲ್ಲಿ ಒಂದು, ಸ್ನಾನದ ಜಾಗದಲ್ಲಿ ಒಂದು ಇರಲಿ. ಗೋಡೆ ಕೊರೆಯುವ ಮುನ್ನ, ಬಳಸುವವರನ್ನೇ ಕೂರಿಸಿ, ಏಳುವಾಗ ಅವರ ಕೈ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು.

ಸ್ನಾನ

ತಗ್ಗು ಮಣೆಯ ಬದಲು, ಕಾಲುಗಳಿಗೆ ರಬ್ಬರ್ ಬುಡವಿರುವ ಗಟ್ಟಿಯಾದ ಎತ್ತರದ ಸ್ಟೂಲ್ ಅಥವಾ ಕೈಯಾಸರೆಯ ಕುರ್ಚಿ ಇರಲಿ. 20 ಲೀಟರಿನ ತುಂಬಿದ ಬಕೆಟ್ ಎಂದರೆ 20 ಕಿಲೋ ಭಾರ. ಅದನ್ನು ಎಳೆಯದೆ, ನಲ್ಲಿಯ ಕೆಳಗೇ ಎತ್ತರದ ಕಟ್ಟೆಯ ಮೇಲೆ ಇರಿಸಿದರೆ ಬಗ್ಗುವ ಕೆಲಸವೂ ತಪ್ಪುತ್ತದೆ. ಕೈಯಲ್ಲಿ ಹಿಡಿಯುವ ಶವರ್ ಇನ್ನೂ ಅನುಕೂಲ. ಬೆರಳು ನೋವಿರುವವರಿಗೆ ತಿರುಗಿಸುವ ನಲ್ಲಿಗಿಂತ, ಮುಂಗೈಯಿಂದ ತಳ್ಳಿದರೆ ತೆರೆಯುವ ಉದ್ದ ಹಿಡಿಯ ನಲ್ಲಿ ಸುಲಭ.

60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡಬಲ್ಲದು. ಬೇಗ ಸರಿಯಲಾಗದವರಿಗೆ ಅಪಾಯ ಇನ್ನೂ ಹೆಚ್ಚು. ಬಕೆಟ್‌ಗೆ ಮೊದಲು ತಣ್ಣೀರು, ಅನಂತರ ಬಿಸಿನೀರು ಬಿಡುವುದು ರೂಢಿಯಾಗಲಿ. ನಿಧಾನವಾಗಿ ಸ್ನಾನ ಮಾಡುವವರು ಬಚ್ಚಲಿನಲ್ಲಿ ಹೆಚ್ಚು ಹೊತ್ತು ಇರುವುದರಿಂದ ಗ್ಯಾಸ್ ಗೀಸರ್ ಒಳಗೆ ಇರಲೇಬಾರದು. ಗಾಳಿಯಾಡದ ಕೋಣೆಯಲ್ಲಿ ಅದು ಹೊರಬಿಡುವ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಪ್ರಾಣ ತೆಗೆಯುತ್ತದೆ.

ಬಾಗಿಲು, ಬೆಳಕು

ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡಲಾಗಿ ಬಿದ್ದವರನ್ನು ಹೊರತರುವುದು ಕಷ್ಟ. ಸಾಧ್ಯವಿದ್ದರೆ ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಹೊರಗಿನಿಂದಲೂ ತೆಗೆಯಬಹುದಾದ ಬೀಗವಿರಲಿ. ಅಲ್ಲಿಯವರೆಗೆ ಚಿಲಕ ಹಾಕದೆ ಬಾಗಿಲು ಮುಂದೂಡಿಕೊಳ್ಳುವುದು ಮನೆಯ ನಿಯಮವಾಗಲಿ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ದೀಪ ಉರಿಯುತ್ತಿರಬೇಕು.

ಬಿದ್ದರೆ ಏನು ಮಾಡಬೇಕು?

ಗಾಬರಿಯಿಂದ ಕೈ ಹಿಡಿದು ಎಳೆಯಬಾರದು. ಸೊಂಟದಲ್ಲಿ ತೀವ್ರ ನೋವಿದ್ದು ಕಾಲು ಎತ್ತಲಾಗದಿದ್ದರೆ ಅಥವಾ ಪಾದ ಹೊರಕ್ಕೆ ತಿರುಗಿದ್ದರೆ ಮೂಳೆ ಮುರಿದಿರಬಹುದು. ಅಲುಗಾಡಿಸದೆ ಬೆಚ್ಚಗೆ ಹೊದಿಸಿ 108ಕ್ಕೆ ಕರೆ ಮಾಡಬೇಕು. ಗಾಯವಾಗದಿದ್ದರೂ ಬಿದ್ದ ಸಂಗತಿಯನ್ನು ವೈದ್ಯರಿಗೆ ತಿಳಿಸುವುದು ಅವಶ್ಯ. ರಕ್ತದೊತ್ತಡದ ಅಥವಾ ನಿದ್ರೆಯ ಮಾತ್ರೆಯಿಂದ ಬಂದ ತಲೆಸುತ್ತು ಕಾರಣವಿರಬಹುದು.

ಎಲ್ಲವನ್ನೂ ಒಮ್ಮೆಲೇ ಮಾಡಲಾಗದವರು ಹಿಡಿಕಂಬಿ, ಜಾರದ ನೆಲ, ಕೂತು ಸ್ನಾನ - ಈ ಮೂರರಿಂದ ಆರಂಭಿಸಬಹುದು. ಇನ್ನೊಬ್ಬರ ನೆರವಿಲ್ಲದೆ ತಮ್ಮ ಸ್ನಾನ, ಶೌಚ ತಾವೇ ಮುಗಿಸಿಕೊಳ್ಳಬೇಕೆಂಬುದು ಹಿರಿಯರು ಕೊನೆಯವರೆಗೂ ಬಿಡಲೊಪ್ಪದ ಆಸೆ. ಬಚ್ಚಲಿಗೆ ಮಾಡುವ ಖರ್ಚು ಆ ಆಸೆಗಾಗಿಯೇ ಎಂಬುದನ್ನು ಮನೆಮಂದಿ ಮರೆಯಬಾರದು.