ಕರಗಿ ಕಾಯುವ ತಂತಿ



ಕರ್ನಾಟಕದ ವಿದ್ಯುತ್ತಿನ ಚರಿತ್ರೆ ಎಂದೊಡನೆ ಶಿವನಸಮುದ್ರ ನೆನಪಾಗುತ್ತದೆ. 1902ರಲ್ಲಿ ಅಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳನ್ನು ತಲುಪಿತು; 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ದೀಪದ ಈ ಕಥೆಯ ಜೊತೆಗೇ ಸಾಗಿಬಂದ ಇನ್ನೊಂದು ಕಥೆಯಿದೆ. ಅದು ಫ್ಯೂಸಿನದು.

ತಂತಿಯಲ್ಲಿ ಕರೆಂಟು ಹರಿದಾಗ ಶಾಖ ಹುಟ್ಟುತ್ತದೆ. ಕರೆಂಟು ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ಮಿತಿ ಮೀರಿದರೆ ತಂತಿಯ ಹೊದಿಕೆ ಹತ್ತಿ ಉರಿಯಬಹುದು. ಇದಕ್ಕೆ ಥಾಮಸ್ ಎಡಿಸನ್ 1880ರಲ್ಲಿ ಪೇಟೆಂಟ್ ಪಡೆದ ಉಪಾಯ ಸರಳವಾದುದು: ದೀಪದ ಮಾರ್ಗದಲ್ಲಿ ತೆಳುವಾದ ತುಂಡೊಂದನ್ನು ಜೋಡಿಸುವುದು. ಅಪಾಯ ಬಂದಾಗ ಮೊದಲು ಅದೇ ಕರಗಿ, ಉಳಿದುದನ್ನು ಕಾಯುತ್ತದೆ. 1924ರಲ್ಲಿ ಜರ್ಮನಿಯ ಹ್ಯೂಗೊ ಸ್ಟೊಟ್ಸ್ ಸಂಸ್ಥೆ ಪೇಟೆಂಟ್ ಪಡೆದ ಪುಟ್ಟ ಸರ್ಕ್ಯೂಟ್ ಬ್ರೇಕರ್ ಕರಗದೆ ತಾನೇ ಕಡಿದುಕೊಳ್ಳುತ್ತಿತ್ತು. ಇಂದಿನ ಎಂ.ಸಿ.ಬಿ. ಅದರ ವಂಶದ್ದೇ.

ಮುಂದೆ ಮನೆಗಳಿಗೆ ಇನ್ವರ್ಟರ್ ಬಂದಿತು. ಮುಧೋಳ, ಜಮಖಂಡಿ ಸೀಮೆಯ ತಿಮ್ಮಾಪುರದಂಥ ಊರಿನ ಮನೆಯೊಂದರಲ್ಲಿ 12 ವೋಲ್ಟ್ ಬ್ಯಾಟರಿಯಿಂದ 600 ವ್ಯಾಟ್ ಪಡೆಯುತ್ತಿದ್ದಾರೆ ಎನ್ನೋಣ. ದೀಪ, ಫ್ಯಾನುಗಳ ಕಡೆ 230 ವೋಲ್ಟಿನಲ್ಲಿ ಹರಿಯುವುದು ಸುಮಾರು 2.6 ಆಂಪಿಯರ್ ಮಾತ್ರ. ಬ್ಯಾಟರಿಯ ಕಡೆ ಅದೇ ಶಕ್ತಿಗೆ 50 ಆಂಪಿಯರಿಗೂ ಹೆಚ್ಚು ಬೇಕು. ಆದ್ದರಿಂದಲೇ ಬ್ಯಾಟರಿಯ ಕೇಬಲ್ಲು ಅಷ್ಟು ದಪ್ಪ.

ಇಲ್ಲೊಂದು ಸೂಕ್ಷ್ಮವಿದೆ. ಗೋಡೆಯ ಮೇಲಿನ 10 ಆಂಪಿಯರ್ ಎಂ.ಸಿ.ಬಿ. ತಕ್ಷಣ ಕಡಿದುಕೊಳ್ಳಲು ಅದರ ಹಲವು ಪಟ್ಟು ಕರೆಂಟು ಹರಿಯಬೇಕು. ಚಿಕ್ಕ ಇನ್ವರ್ಟರ್ ಅಷ್ಟನ್ನು ಕೊಡಲಾರದು; ಅದರೊಳಗಿನ ಎಲೆಕ್ಟ್ರಾನಿಕ್ ರಕ್ಷಣೆಯೇ ಅದನ್ನು ನಿಲ್ಲಿಸಬೇಕು. ಬ್ಯಾಟರಿಯ ಕಥೆ ಇದಕ್ಕೆ ವಿರುದ್ಧ. ಅದರ ಎರಡು ತುದಿಗಳು ನೇರ ಕೂಡಿದರೆ ನೂರಾರು ಆಂಪಿಯರ್ ನುಗ್ಗುತ್ತದೆ. ಅದನ್ನು ಗೋಡೆಯ ಎಂ.ಸಿ.ಬಿ. ಕಾಣುವುದೇ ಇಲ್ಲ. ಹಾಗಾಗಿ ಬ್ಯಾಟರಿಯ ಬಳಿಯಲ್ಲೇ, ಕೇಬಲ್ಲಿಗೆ ತಕ್ಕ ಇನ್ನೊಂದು ಫ್ಯೂಸ್ ಅಗತ್ಯ. ಅದು ಡಿ.ಸಿ.ಗೆಂದೇ ತಯಾರಾದುದಾಗಿರಬೇಕು. ನಮ್ಮ ಎ.ಸಿ. ಕರೆಂಟು ಸೆಕೆಂಡಿಗೆ 100 ಬಾರಿ ಸೊನ್ನೆ ಮುಟ್ಟುವುದರಿಂದ ಕಿಡಿ ಬೇಗ ಆರುತ್ತದೆ, ಡಿ.ಸಿ.ಯಲ್ಲಿ ಆ ಬಿಡುವು ಇಲ್ಲ.

ಫ್ಯೂಸ್ ಹೋದಾಗ ಕತ್ತಲಾಯಿತೆಂದು ಬೇಸರಪಟ್ಟು, ಕೈಗೆ ಸಿಕ್ಕ ದಪ್ಪ ತಾಮ್ರದ ತಂತಿ ಸುತ್ತುವವರುಂಟು. ಆಗ ದೀಪವೇನೋ ಹತ್ತುತ್ತದೆ. ಆದರೆ ಮುಂದಿನ ಸಲ ಕರಗುವುದು ಫ್ಯೂಸ್ ಅಲ್ಲ, ಗೋಡೆಯೊಳಗಿನ ತಂತಿ.