ಉಪ್ಪುನೀರೂ ಬಣ್ಣದ ಡಬ್ಬಿಯೂ

1967ರಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ, ಅದುವರೆಗೆ ಭಾರತದಲ್ಲಿ ಯಾರೂ ಗುರುತಿಸದ ಒಂದು ಚಿಪ್ಪುಜೀವಿ ಕಣ್ಣಿಗೆ ಬಿತ್ತು. ನೋಡಲು ನಮ್ಮ ಕರಾವಳಿಯ ಪಚ್ಚಿಲೆಯ ಮರಿಯಂತಿದೆ, ತವರು ಮಾತ್ರ ಮಧ್ಯ ಅಮೆರಿಕದ ಕೆರಿಬಿಯನ್ ಕಡಲಂಚು. ಯಾವುದೋ ಹಡಗಿನ ಹೊಟ್ಟೆಗೆ ಅಂಟಿಕೊಂಡು ಬಂದಿರಬೇಕೆಂಬುದು ಪ್ರಾಣಿಶಾಸ್ತ್ರಜ್ಞರ ಎಣಿಕೆ. ಆಂಧ್ರ ವಿಶ್ವವಿದ್ಯಾಲಯದ ಪಿ.ಎನ್. ಗಣಪತಿ ಮತ್ತು ಸಂಗಡಿಗರು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1971ರಲ್ಲಿ ಇದರ ಬಗ್ಗೆ ಬರೆದರು. ಮೈಟಿಲೋಪ್ಸಿಸ್ ಸಲ್ಲೆಯಿ ಎಂಬುದು ಅದರ ಈಗಿನ ಹೆಸರು. ಕಂಬ, ಹಗ್ಗ, ದೋಣಿಯ ತಳ, ಪೈಪಿನ ಒಳಮೈ, ಯಾವುದನ್ನೂ ಬಿಡದೆ ಗೊಂಚಲು ಗೊಂಚಲಾಗಿ ಹತ್ತಿ ಕೂರುವ ಜೀವಿ ಇದು.

ಗಣಪತಿಯವರಿಗೆ ಈ ಕೆಲಸ ಹೊಸದಾಗಿರಲಿಲ್ಲ. 1958ರಷ್ಟು ಹಿಂದೆಯೇ ಅವರು, ಲಕ್ಷ್ಮಣರಾವ್ ಮತ್ತು ನಾಗಭೂಷಣಂ ಸೇರಿ ಇದೇ ಬಂದರಿನಲ್ಲಿ ಮುಳುಗಿದ ವಸ್ತುಗಳ ಮೇಲೆ ಏನೇನು ಬೆಳೆಯುತ್ತದೆ ಎಂಬುದರ ಅಧ್ಯಯನ ಪ್ರಕಟಿಸಿದ್ದರು. ಕಾರಣ ಕಣ್ಣೆದುರಿಗೇ ಇತ್ತು. 1933ರಲ್ಲಿ ‘ಜಲದುರ್ಗ’ ಹಡಗು ಒಳಬಂದು ಬಂದರು ಶುರುವಾಯಿತು. 1941ರಲ್ಲಿ ಸಿಂಧಿಯಾ ಕಂಪನಿಯ ಹಡಗುಕಟ್ಟೆಗೆ ರಾಜೇಂದ್ರ ಪ್ರಸಾದ್ ಅಡಿಗಲ್ಲು ಹಾಕಿದರು. ಅಲ್ಲಿ ಕಟ್ಟಿದ ‘ಜಲಉಷಾ’ವನ್ನು 1948ರ ಮಾರ್ಚ್‌ನಲ್ಲಿ ನೆಹರೂ ನೀರಿಗಿಳಿಸಿದರು. ಹಡಗು ಹೆಚ್ಚಿದಂತೆಲ್ಲ ಹಡಗಿನ ತಳಕ್ಕೆ ಬಳಿಯುವ ಬಣ್ಣದ ಮಾತೂ ಹೆಚ್ಚಿತು. ತಳದಲ್ಲಿ ಚಿಪ್ಪು, ಪಾಚಿ ಬೆಳೆದರೆ ಹಡಗಿನ ವೇಗ ಇಳಿಯುತ್ತದೆ, ಇಂಧನ ಹೆಚ್ಚು ಸುಡುತ್ತದೆ.

ಆ ಬಣ್ಣದ ಕೆಲಸ ಒಂದೇ: ಕೊಲ್ಲುವುದು. ಬ್ರಿಟಿಷ್ ನೌಕಾಪಡೆ 1761ರಲ್ಲಿ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ನೋಡಿತು. ತಾಮ್ರ ನಿಧಾನವಾಗಿ ಕರಗುತ್ತ ಅಂಟಲು ಬಂದ ಮರಿಗಳನ್ನು ಸಾಯಿಸುತ್ತದೆ. ಕಬ್ಬಿಣದ ಹಡಗುಗಳ ಕಾಲಕ್ಕೆ ತಗಡಿನ ಬದಲು ತಾಮ್ರ ಬೆರೆಸಿದ ಬಣ್ಣ ಬಂತು. 1960ರ ದಶಕದ ಬಳಿಕ ತವರವನ್ನು ಒಳಗೊಂಡ ಟ್ರೈಬ್ಯುಟೈಲ್ ಟಿನ್ ಎಂಬ ಇನ್ನೂ ಉಗ್ರವಾದ ವಿಷ ಬಂದಿತು. ಒಂದು ಲೀಟರ್ ನೀರಿನಲ್ಲಿ ಗ್ರಾಮಿನ ಶತಕೋಟಿಯಲ್ಲಿ ಕೆಲವೇ ಭಾಗದಷ್ಟಿದ್ದರೂ ಸಾಕು, ಕೆಲವು ಜಾತಿಯ ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಮೂಡಿ ಸಂತತಿಯೇ ನಿಲ್ಲುತ್ತಿತ್ತು. ಸಿಂಪಿ ಸಾಕಣೆ ಹಾಳಾಯಿತೆಂದು ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. ಜಗತ್ತಿನ ಹಡಗುಗಳಿಗೆಲ್ಲ ಅನ್ವಯಿಸುವ ಒಪ್ಪಂದ 2001ರಲ್ಲಿ ರೂಪುಗೊಂಡು 2008ರಲ್ಲಿ ಜಾರಿಗೆ ಬಂತು, ಭಾರತ ಅದಕ್ಕೆ ಸೇರಿದ್ದು 2015ರಲ್ಲಿ.

ಇಷ್ಟು ಹಿನ್ನೆಲೆ ಏಕೆಂದರೆ, ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಅದರ ಹಿಂದಿನ ಬಿಳಿ ಪೈಪಿಗೆ ಕಪ್ಪು ಬಣ್ಣ ಹೊಡೆಯಲು ಹೊರಟಾಗ, ಈ ಇಡೀ ಚರಿತ್ರೆ ಅಂಗಡಿಯ ಕಪಾಟಿನಲ್ಲಿ ಡಬ್ಬಿಗಳಾಗಿ ಕೂತಿರುತ್ತದೆ. ‘ಮರೈನ್ ಪೇಂಟ್’ ಎಂಬ ಚೀಟಿ ನೋಡಿ, ಸಮುದ್ರದ ನೀರಿಗೆ ತಕ್ಕದ್ದು ಇದೇ ಎಂದುಕೊಂಡವರು ಮೋಸ ಹೋಗಬಹುದು. ಅದರಲ್ಲಿ ಹಡಗಿನ ತಳಕ್ಕೆಂದು ಮಾಡಿದ್ದು ಕಡಲಿನ ಜೀವಿಗಳನ್ನು ದೂರವಿಡಲೆಂದೇ ಹುಟ್ಟಿದ ಬಣ್ಣ. ಅಕ್ವೇರಿಯಂನಲ್ಲಿ ಆ ಜೀವಿಗಳೇ ಯಜಮಾನರು.

ಲೋಹದ ಈ ಭಯ ಅಕ್ವೇರಿಯಂನಷ್ಟೇ ಹಳೆಯದು. ಲಂಡನ್ ಪ್ರಾಣಿಸಂಗ್ರಹಾಲಯ 1853ರಲ್ಲಿ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. 1871ರಲ್ಲಿ ಕ್ರಿಸ್ಟಲ್ ಪ್ಯಾಲೇಸ್‌ನ ದೊಡ್ಡ ಅಕ್ವೇರಿಯಂ ಕಟ್ಟಿದ ವಿಲಿಯಂ ಆಲ್ಫರ್ಡ್ ಲಾಯ್ಡ್, ಕಡಲನೀರು ಹರಿಯುವ ಪಂಪು, ಪೈಪುಗಳನ್ನು ಗಂಧಕ ಸೇರಿಸಿ ಗಟ್ಟಿಮಾಡಿದ ರಬ್ಬರಿನಿಂದ ಮಾಡಿಸಿದ. ಪ್ಲಾಸ್ಟಿಕ್ ಇಲ್ಲದ ಕಾಲದಲ್ಲಿ ಪ್ಲಾಸ್ಟಿಕ್ಕಿನ ಕೆಲಸವನ್ನು ಅದು ಮಾಡಿತು ಅನ್ನಬೇಕು. ದಕ್ಷಿಣ ಭಾರತದಲ್ಲಿ ಮದ್ರಾಸಿನ ಮರೀನಾ ದಂಡೆಯ ಮೇಲೆ 1909ರಲ್ಲೇ ಅಕ್ವೇರಿಯಂ ತೆರೆದಿತ್ತು. ಬೊಂಬಾಯಿಯ ತಾರಾಪೋರ್‌ವಾಲಾ 1951ರದ್ದು. ಗಟ್ಟಿ ಪಿವಿಸಿ ಪೈಪು ಎಲ್ಲೆಡೆ ಹರಡಿದ್ದು ಎರಡನೇ ಮಹಾಯುದ್ಧದ ನಂತರ. ನಮ್ಮಲ್ಲಿ ಕುಡಿಯುವ ನೀರಿನ ಪಿವಿಸಿ ಪೈಪಿಗೆ ಐಎಸ್ 4985 ಎಂಬ ಮಾನಕ ಬಂದದ್ದು 1968ರಲ್ಲಿ.

ಅದೇ ಮಾನಕದಲ್ಲಿ ಅಡಗಿರುವ ಒಂದು ವಿವರ ಬಣ್ಣದ ಆಸೆಗೆ ಅರ್ಧ ತಣ್ಣೀರೆರಚುತ್ತದೆ. ಪೈಪಿನ ಗೋಡೆ ಕಣ್ಣಿಗೆ ಕಾಣುವ ಬೆಳಕಿನ ಶೇ 0.2ಕ್ಕಿಂತ ಹೆಚ್ಚನ್ನು ಒಳಗೆ ಬಿಡಬಾರದು. ಬೆಳಕಿಲ್ಲದಿದ್ದರೆ ಒಳಗೆ ಪಾಚಿಗೆ ನೆಲೆಯಿಲ್ಲ. ಹಾಗಾಗಿ ಮಾನಕದಂತೆ ಮಾಡಿದ ಪೈಪಿಗೆ ಪಾಚಿಯ ನೆಪದಲ್ಲಿ ಬಣ್ಣ ಹೊಡೆಯಬೇಕಾದ್ದಿಲ್ಲ. ಉಳಿಯುವ ಕಾರಣ ಎರಡೇ, ಅಂದ ಮತ್ತು ಬಿಸಿಲು.

ಬಿಸಿಲಿನ ಮಾತು ವಿಶಾಖಪಟ್ಟಣಕ್ಕೆ ಚೆನ್ನಾಗಿ ಗೊತ್ತು. ನಗರದಿಂದ ಭೀಮಿಲಿಯತ್ತ ಹೋಗುವ ಕಡಲದಾರಿಯ ಉದ್ದಕ್ಕೂ ಸಿಗಡಿ ಮರಿ ಸಾಕುವ ಹ್ಯಾಚರಿಗಳಿವೆ. 1980ರ ದಶಕದ ಕೊನೆಗೆ ಸಾಗರೋತ್ಪನ್ನ ರಫ್ತು ಪ್ರಾಧಿಕಾರ ಇಲ್ಲಿ ‘ಟಾಸ್ಪಾರ್ಕ್’ ಎಂಬ ಹ್ಯಾಚರಿ ಶುರುಮಾಡಿ ದಾರಿ ತೋರಿತು, ಖಾಸಗಿಯವರು ಹಿಂದೆಯೇ ಬಂದರು. ಕಡಲಿನಿಂದ ಎತ್ತಿದ ನೀರು ಮರಳಿನ ಫಿಲ್ಟರ್ ದಾಟಿ ಪಿವಿಸಿ ಪೈಪುಗಳ ಜಾಲದಲ್ಲಿ ತೊಟ್ಟಿಯಿಂದ ತೊಟ್ಟಿಗೆ ಹರಿಯುತ್ತದೆ. ಬಯಲಲ್ಲಿರುವ ಪೈಪಿನ ಮೈ ಬಿಸಿಲಿಗೆ ಸುಣ್ಣದಂತೆ ಪುಡಿಪುಡಿಯಾಗುತ್ತದೆ. ಸಿಗಡಿ ಮರಿಯಂತೂ ಕಡುನಾಜೂಕಿನ ಜೀವ. ಮೊಟ್ಟೆಯಿಂದ ಹೊರಬಿದ್ದ ಕೆಲವೇ ದಿನಗಳಲ್ಲಿ ಮೂರು ನಾಲ್ಕು ರೂಪ ಬದಲಿಸುವ ಅದು ಸಾಯಲು ತಾಮ್ರದ ಚೂರು ಸಾಕು. ಈ ಉದ್ಯಮದವರಿಗೆ ಹೊಸ ಸಿಮೆಂಟ್ ತೊಟ್ಟಿ, ಹೊಸ ಪೈಪು ಎಂದರೆ ಮೊದಲು ನೀರು ತುಂಬಿಸು, ದಿನಗಟ್ಟಲೆ ನೆನೆಸು, ಚೆಲ್ಲು, ಮತ್ತೆ ತುಂಬಿಸು. ತೊಟ್ಟಿಗೆ ಇಪಾಕ್ಸಿ ಬಳಿದರೂ ಇದೇ ಕ್ರಮ. ಅಕ್ವೇರಿಯಂನವರು ಪುಸ್ತಕದಲ್ಲಿ ಹುಡುಕುವುದನ್ನು ಹ್ಯಾಚರಿಯ ಕೆಲಸಗಾರ ಕೈಯಲ್ಲೇ ಕಲಿತಿರುತ್ತಾನೆ.

2007ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇದೇ ಊರಿನ ಕಡಲಿನಲ್ಲಿ ದೇಶದ ಮೊದಲ ತೆರೆದ ಕಡಲ ಮೀನುಪಂಜರವನ್ನು ತೇಲಿಬಿಟ್ಟಿತು. 15 ಮೀಟರ್ ಅಡ್ಡಳತೆ, ಚೌಕಟ್ಟು ಪೂರಾ ಎಚ್‌ಡಿಪಿಇ ಪೈಪಿನದು. ಆ ಪೈಪು ಕಪ್ಪಗಿರುವುದು ಬಳಿದ ಬಣ್ಣದಿಂದಲ್ಲ, ಪ್ಲಾಸ್ಟಿಕ್ಕಿಗೇ ಶೇ 2ರಿಂದ 3ರಷ್ಟು ಕಾರ್ಬನ್ ಕಪ್ಪು ಬೆರೆಸಿರುವುದರಿಂದ. ಬಿಸಿಲು ಅದನ್ನು ಸುಲಭವಾಗಿ ಮುಟ್ಟುವುದಿಲ್ಲ, ಸುಲಿದು ಉದುರುವ ಪದರವೂ ಇಲ್ಲ. ಆದರೆ ಬೆಲೆ ಹೆಚ್ಚಾಯಿತು. ಮುಂದೆ ಕಡಿಮೆ ಖರ್ಚಿನ 6 ಮೀಟರ್ ಪಂಜರಗಳಿಗೆ ಸತು ಲೇಪಿಸಿದ ಕಬ್ಬಿಣದ (ಜಿಐ) ಪೈಪು ಬಂತು, ಅದಕ್ಕೆ ತುಕ್ಕು ಹಿಡಿಯದಂತೆ ಇಪಾಕ್ಸಿ ಪ್ರೈಮರ್, ಮೇಲೆ ಇಪಾಕ್ಸಿ ಬಣ್ಣ. ದುಡ್ಡು ಉಳಿಸಿದ ಕಡೆ ಬಣ್ಣದ ಡಬ್ಬಿ ಮತ್ತೆ ಒಳಬಂದಿತು.

ತೆರೆದ ಕಡಲಿಗೆ ಇದೆಲ್ಲ ನಡೆಯುತ್ತದೆ, ನೀರು ಕ್ಷಣಕ್ಷಣವೂ ಬದಲಾಗುತ್ತದೆ. 200 ಲೀಟರಿನ ಗಾಜಿನ ತೊಟ್ಟಿಯ ಲೆಕ್ಕವೇ ಬೇರೆ, ಅಲ್ಲಿ ಕರಗಿದ್ದು ಅಲ್ಲೇ ಸುತ್ತುತ್ತದೆ. ವಿಶಾಖಪಟ್ಟಣದ ಆರ್.ಕೆ. ಬೀಚಿನಲ್ಲಿ ‘ಮತ್ಸ್ಯದರ್ಶಿನಿ’ ಅಕ್ವೇರಿಯಂ ಇದೆ. ಅದೇ ದಂಡೆಯ ಮರಳಿನ ಮೇಲೆ 2002ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಕುರ್ಸುರಾ’ ಜಲಾಂತರ್ಗಾಮಿಯೂ ಇದೆ. ಉಪ್ಪುಗಾಳಿಯಿಂದ ಉಳಿಯಲು ಅದಕ್ಕೆ ಬಣ್ಣವೇ ಆಸರೆ. ಒಂದೇ ಬೀದಿಯಲ್ಲಿ ಬಣ್ಣವನ್ನು ಬೇಡುವ ಕಬ್ಬಿಣ, ಬಣ್ಣಕ್ಕೆ ಹೆದರುವ ಮೀನು!

ವಿಜಯವಾಡದಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರ ಕಷ್ಟ ಮತ್ತೊಂದು ಬಗೆಯದು. ಕೃಷ್ಣೆಗೆ 1957ರಲ್ಲಿ ಕಟ್ಟಿದ ಪ್ರಕಾಶಂ ಬ್ಯಾರೇಜಿನ ಊರಿನಲ್ಲಿ ಸಿಹಿನೀರಿಗೆ ಬರವಿಲ್ಲ, ಕಡಲು ಮಾತ್ರ 60 ಕಿಲೋಮೀಟರಿಗೂ ಆಚೆ. ಪ್ಯಾಕೆಟ್ ಉಪ್ಪು ಕಲಸಿಯೇ ಕಡಲನೀರು ಮಾಡಿಕೊಳ್ಳಬೇಕು, ಆದ್ದರಿಂದ ಕೆಟ್ಟ ನೀರನ್ನು ಚೆಲ್ಲುವುದೆಂದರೆ ಕಾಸು ಚೆಲ್ಲಿದಂತೆ. ಇನ್ನು ಸ್ಪ್ರೇ ಬಣ್ಣವೆಂದರೆ ಊರಿಗೆ ಊರೇ ಬೆರಳು ತೋರುವುದು ಲಾರಿ, ಬಸ್ಸು ರಿಪೇರಿಯ ಆಟೋನಗರದತ್ತ. ಲಾರಿಯ ಕಬ್ಬಿಣಕ್ಕೆ ಬಳಿಯುವ ರೆಡ್ ಆಕ್ಸೈಡ್, ಸತುವಿನ ಕ್ರೋಮೇಟ್ ಪ್ರೈಮರ್‌ಗಳು ಮೀನಿನ ತೊಟ್ಟಿಯ ಹತ್ತಿರವೂ ಸುಳಿಯಬಾರದ ಸರಕು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ 2016ರ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ, ಆದರೆ ಕೈಗಾರಿಕೆಯ ಬಣ್ಣಗಳು ಅದರ ಹೊರಗಿವೆ. ಪೈಪಿನೊಳಗಿನ ಸೀಸದ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಇನ್ನೂ ತಡವಾಗಿ: ಪಿವಿಸಿಗೆ ಸೀಸ ಬೆರೆಸುವುದನ್ನು ನಿಲ್ಲಿಸುವ ನಿಯಮ ಹೊರಬಿದ್ದದ್ದು 2021ರಲ್ಲಿ. ಹಳೆಯ ಗುಜರಿ ಪೈಪನ್ನು ತಂದು, ಮೇಲೆ ಒಳ್ಳೆಯ ಬಣ್ಣ ಬಳಿದು ನೆಮ್ಮದಿಯಾಗಿರುವವರು ಇದನ್ನು ಓದಲಿ.

ಅಷ್ಟರ ಮೇಲೂ ಬಳಿಯಲೇಬೇಕು ಅನ್ನುವವರಿಗೆ ಅನುಭವಿಗಳ ಕ್ರಮ ನೇರವಾಗಿದೆ. ನೀರಿನ ಮಟ್ಟದ ಮೇಲಿರುವ ಪೈಪಿನ ಹೊರಮೈಗೆ ಮಾತ್ರ ಬಣ್ಣ. ಎಲ್ಬೋ, ಟೀಗಳಿಗೆ ಹೋಗುವ ತುದಿಗೆ ಟೇಪು ಸುತ್ತಬೇಕು. ಪೈಪು ಕೂಡಿಸುವ ಸಾಲ್ವೆಂಟ್ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವಂಥದ್ದು, ಬಣ್ಣದ ಮೇಲೆ ಹಿಡಿಯುವುದಿಲ್ಲ. ಹೊಳಪು ಹೋಗುವಂತೆ ನುಣ್ಣನೆಯ ಎಮರಿ ಪೇಪರಿನಲ್ಲಿ ತಿಕ್ಕಿ, ಸ್ಪಿರಿಟ್ಟಿನಲ್ಲಿ ಒರೆಸಿ, ಶಿಲೀಂಧ್ರನಾಶಕ ಬೆರೆಸದ ಅಕ್ರಿಲಿಕ್ಕನ್ನು ತೆಳ್ಳಗೆ ಎರಡು ಮೂರು ಬಾರಿ ಹೊಡೆಯಬೇಕು. ಒಣಗುವುದು ಗಂಟೆಗಳ ಮಾತು, ಪೂರ್ತಿ ಗಟ್ಟಿಯಾಗುವುದು ವಾರಗಳ ಮಾತು. ವಾಸನೆ ಇರುವ ತನಕ ತೊಟ್ಟಿಗೆ ಸೇರಿಸಬಾರದು. ಬಯಲಿನ ಪೈಪಿಗಾದರೆ ಕಪ್ಪಿಗಿಂತ ತಿಳಿಬಣ್ಣ ಲೇಸು. ಪಿವಿಸಿ ಪೈಪು ತಡೆಯುವ ಒತ್ತಡದ ಲೆಕ್ಕ 27 ಡಿಗ್ರಿಗೆ ಹಾಕಿದ್ದು, ಕೃಷ್ಣಾ ಸೀಮೆಯ ಮೇ ತಿಂಗಳಿನಲ್ಲಿ ಕಪ್ಪು ಮೈಯ ಪೈಪು ಅದನ್ನು ಎಲ್ಲೋ ದಾಟಿರುತ್ತದೆ.

ಅನುಮಾನ ಹೋಗದಿದ್ದರೆ ಪ್ರಯೋಗಾಲಯದವರ ಒಂದು ಅಗ್ಗದ ದಾರಿಯಿದೆ. ಬಣ್ಣ ಹೊಡೆದ ಪೈಪಿನ ತುಂಡೊಂದನ್ನು ಒಂದು ಪಾತ್ರೆಯ ಉಪ್ಪುನೀರಿನಲ್ಲಿ, ಹೊಡೆಯದ ತುಂಡನ್ನು ಇನ್ನೊಂದರಲ್ಲಿ ಕೆಲವು ದಿನ ನೆನೆಸಿ, ಎರಡಕ್ಕೂ ಸಮನಾಗಿ ಆರ್ಟೀಮಿಯಾ ಮರಿಗಳನ್ನು ಬಿಡುವುದು. ಹ್ಯಾಚರಿಗಳು ಸಿಗಡಿ ಮರಿಗೆ ತಿನ್ನಿಸುವ ಇವು ಡಬ್ಬಿಯ ಮೊಟ್ಟೆಯಿಂದ ಒಂದೂವರೆ ದಿನದೊಳಗೆ ಒಡೆಯುತ್ತವೆ. ಮರುದಿನ ಎರಡೂ ಪಾತ್ರೆಗಳಲ್ಲಿ ಈಜುತ್ತಿರುವವನ್ನು ಎಣಿಸಿ ಹೋಲಿಸಿದರೆ, ಆ ಬಣ್ಣ ಅಕ್ವೇರಿಯಂಗೆ ಹೋಗಬಹುದೇ, ಹಡಗಿನ ತಳಕ್ಕೇ ಮೀಸಲೇ ಎಂಬುದರ ಅಂದಾಜು ಸಿಗುತ್ತದೆ.