ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾಗಿದ್ದು ಹೇಗೆ? ಡಾ. ಸುನೀತಿ ಸಾಲೊಮನ್ ಯಾರು?

‘ಎಚ್‌ಐವಿ ಇರುವವರ ಜೊತೆ ಊಟ ಮಾಡಿದರೆ, ಕೈ ಮುಟ್ಟಿದರೆ ಸೋಂಕು ಬರುತ್ತದೆ’ ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ಸುಳ್ಳು. ಇಂಥ ಭಯದ ವಿರುದ್ಧ ಚೆನ್ನೈನ ವೈದ್ಯೆಯೊಬ್ಬರು ಸುಮಾರು ಮೂರು ದಶಕ ದುಡಿದರು.

ಪತ್ತೆಯಾಗಿದ್ದು ಹೇಗೆ?
ಆಗ ಎಚ್‌ಐವಿ ವಿದೇಶದ ರೋಗ, ನಮ್ಮಲ್ಲಿಲ್ಲ ಎಂಬ ನಂಬಿಕೆಯಿತ್ತು. 1986ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರ ರಕ್ತ ಪರೀಕ್ಷಿಸಿದರು. ಪೊಲೀಸರು ಹಿಡಿದು ಸರ್ಕಾರಿ ಗೃಹದಲ್ಲಿ ಇರಿಸಿದ್ದ ಮಹಿಳೆಯರೂ ಅವರಲ್ಲಿದ್ದರು. ಆರು ಮಾದರಿ ಪಾಸಿಟಿವ್ ಬಂದವು. ಅಮೆರಿಕದಲ್ಲಿ ನಡೆದ ಮರುಪರೀಕ್ಷೆಯೂ ಅದನ್ನೇ ಹೇಳಿತು.

ನಂತರ ಏನಾಯಿತು?
ತಮಿಳುನಾಡಿನಲ್ಲಿ ಸೋಂಕು ಕಂಡುಬಂದ ಮಹಿಳೆಯರನ್ನು ಆ ಒಂದೇ ಕಾರಣಕ್ಕೆ ಬಂಧನದಲ್ಲೇ ಇಟ್ಟಿದ್ದರು. ಅವರು ಹೊರಬರಲು ಹೈಕೋರ್ಟ್ ಆದೇಶವೇ ಬೇಕಾಯಿತು.

1993ರಲ್ಲಿ ಸುನೀತಿ ‘ವೈಆರ್‌ಜಿ ಕೇರ್’ ಕೇಂದ್ರ ಕಟ್ಟಿದರು. ಬೇರೆಡೆ ಬಾಗಿಲು ಮುಚ್ಚಿದ್ದ ರೋಗಿಗಳಿಗೆ ಇಲ್ಲಿ ಚಿಕಿತ್ಸೆ ಸಿಕ್ಕಿತು. ಎಚ್‌ಐವಿ ಇರುವ ಗಂಡು-ಹೆಣ್ಣಿಗೆ ಅವರು ಮದುವೆ ಸಂಬಂಧವನ್ನೂ ಕೂಡಿಸುತ್ತಿದ್ದರು. 2015ರಲ್ಲಿ ತೀರಿಕೊಂಡ ಅವರಿಗೆ 2017ರಲ್ಲಿ ಮರಣೋತ್ತರ ಪದ್ಮಶ್ರೀ ಬಂತು.

ವಾಸ್ತವ ಏನು?
* ಎಚ್‌ಐವಿ ಹರಡುವುದು ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಹಂಚಿಕೊಂಡ ಸೂಜಿಯಿಂದ, ಮತ್ತು ತಾಯಿಯಿಂದ ಮಗುವಿಗೆ.
* ಸೊಳ್ಳೆ ಕಡಿತ, ಒಂದೇ ತಟ್ಟೆ, ಒಂದೇ ಶೌಚಾಲಯದಿಂದ ಹರಡುವುದಿಲ್ಲ.
* ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಔಷಧಿ ಉಚಿತ. ತಪ್ಪದೇ ತೆಗೆದುಕೊಂಡರೆ ದೀರ್ಘಕಾಲ ಆರೋಗ್ಯವಾಗಿ ಬದುಕಬಹುದು.
* 2017ರ ಕಾಯ್ದೆಯ ಪ್ರಕಾರ, ಸೋಂಕಿತರಿಗೆ ಚಿಕಿತ್ಸೆ, ಉದ್ಯೋಗದಲ್ಲಿ ತಾರತಮ್ಯ ಮಾಡುವಂತಿಲ್ಲ.

ಸೋಂಕಿತರ ಹೆಸರು, ಫೋಟೊ ಇರುವ ಸಂದೇಶ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ನಮ್ಮ ಒಂದು ಕ್ಲಿಕ್‌ನಿಂದ ಒಬ್ಬರ ಮನೆ, ಕೆಲಸ ಎರಡೂ ಹೋಗಬಹುದು.